ಬ್ಯಾಂಕು ಮುಚ್ಚುವ ಮೊದಲಿನ ಗುರುವಾರ

ಪ್ರಶ್ನೆ: ನಾನು ದಾವಣಗೆರೆಯವನು. ಒಂದು ಸಸ್ಪೆನ್ಸ್ ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 2030ರ ದಶಕದ ಬೆಂಗಳೂರಿನಲ್ಲಿ. ರೂಪಾಯಿಗೆ ಬೆಲೆಯಿಲ್ಲ, ಬ್ಯಾಂಕುಗಳು ಬಾಗಿಲು ಹಾಕಿವೆ, ಬೀದಿಯಲ್ಲಿ ಲೂಟಿ ನಡೆದಿದೆ. ಆಕಾಶದಲ್ಲಿ ಡ್ರೋನು, ರಸ್ತೆಯಲ್ಲಿ ಮುಖ ಗುರುತಿಸುವ ಕಂಬಗಳಿವೆ, ಮಧ್ಯಭಾಗದಲ್ಲಿ ಒಂದು ಬ್ಯಾಂಕ್ ದರೋಡೆಯೂ ಇದೆ. ನಾಯಕ ಒಬ್ಬ ಹ್ಯಾಕರ್. ಸರ್ವರ್ ಕೋಣೆಗೆ ನುಗ್ಗಿ, ಇದೆಲ್ಲದರ ಹಿಂದಿರುವ ಉದ್ಯಮಿಯನ್ನು ಬಯಲಿಗೆಳೆಯುತ್ತಾನೆ. ಅರ್ಧ ಬರೆದು ಗೆಳೆಯರಿಗೆ ಕೊಟ್ಟರೆ, "ಚೆನ್ನಾಗಿದೆ, ಆದರೆ ಭಯ ಆಗೋದಿಲ್ಲ" ಎನ್ನುತ್ತಾರೆ. ಆರ್ಥಿಕ ಕುಸಿತ ನಿಜಕ್ಕೂ ಹೇಗೆ ನಡೆಯುತ್ತದೆ? ಅದರಲ್ಲಿ ಸಸ್ಪೆನ್ಸ್ ಎಲ್ಲಿಂದ ಹುಟ್ಟಿಸಲಿ?

ಉತ್ತರ: ನಿಮ್ಮ ಗೆಳೆಯರ ಮಾತು ಸರಿ. ನಿಮ್ಮ ಕಾದಂಬರಿ ಶುರುವಾಗುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿದೆ. ರೂಪಾಯಿ ಬಿದ್ದಾಯಿತು, ಬ್ಯಾಂಕು ಮುಚ್ಚಾಯಿತು, ಅಂಗಡಿ ಲೂಟಿಯಾಯಿತು. ಓದುಗ ಇನ್ನು ಯಾವುದಕ್ಕೆ ಕಾಯಬೇಕು? ಖಾಲಿ ರಸ್ತೆ, ಹೊಗೆ, ಹಸಿದ ಮುಖಗಳನ್ನು ಓದಿದರೆ ಮರುಕ ಹುಟ್ಟುತ್ತದೆ, ಎದೆ ಡವಗುಟ್ಟುವುದಿಲ್ಲ. ಈ ಬಗೆಯ ಕಥೆಯಲ್ಲಿ ಎದೆ ಡವಗುಟ್ಟುವುದು ಅದಕ್ಕೂ ಮೊದಲು. ದುಡ್ಡು ಪಾಸ್‌ಬುಕ್ಕಿನಲ್ಲಿ ಭದ್ರವಾಗಿ ಕೂತಿದೆ, ಕೈಗೆ ಬರುತ್ತದೋ ಇಲ್ಲವೋ ಹೇಳುವಂತಿಲ್ಲ, ಆ ವಿಷಯ ಊರಿನಲ್ಲಿ ನಾಲ್ಕೇ ಜನಕ್ಕೆ ತಿಳಿದಿದೆ. ಆ ನಾಲ್ಕು ಜನ ಏನು ಮಾಡುತ್ತಾರೆ ಎಂಬುದು ನಿಮ್ಮ ಕಾದಂಬರಿ.

ಮೊದಲು ಗಡಿಯಾರದ ವಿಚಾರ. ದುಡ್ಡಿಗೆ ಬೀಗ ಹಾಕುವ ಆದೇಶ ಸಾಮಾನ್ಯವಾಗಿ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಬರುವುದಿಲ್ಲ. ಅರ್ಜೆಂಟೀನಾದಲ್ಲಿ 2001ರ ಡಿಸೆಂಬರ್ 1ರಂದು ಬಂತು, ಶನಿವಾರ. ಸೈಪ್ರಸ್‌ನಲ್ಲಿ 2013ರ ಮಾರ್ಚ್ 16ರಂದು ಜನ ಎದ್ದು ಸುದ್ದಿ ಕೇಳಿದ್ದೂ ಶನಿವಾರವೇ. ಸೋಮವಾರ ಅಲ್ಲಿ ಹಬ್ಬದ ರಜೆ. ಗ್ರೀಸ್‌ನಲ್ಲಿ 2015ರ ಜೂನ್ 28, ಭಾನುವಾರ. ನಮ್ಮಲ್ಲಿ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಂದದ್ದು 2020ರ ಮಾರ್ಚ್ 5, ಗುರುವಾರ, ಸಂಜೆ, ಕೌಂಟರುಗಳೆಲ್ಲ ಮುಚ್ಚಿದ ಮೇಲೆ. ನೋಟು ರದ್ದಾದದ್ದು ರಾತ್ರಿ ಎಂಟಕ್ಕೆ. ಜನ ದುಡ್ಡಿನ ಹತ್ತಿರ ಹೋಗಲಾರದ ಹೊತ್ತನ್ನು ನೋಡಿಯೇ ಆದೇಶ ಹೊರಡುತ್ತದೆ. ಅಂದರೆ ಆ ಆದೇಶ ಅದಕ್ಕೂ ಮೊದಲೇ ಯಾರದೋ ಮೇಜಿನ ಮೇಲೆ ಸಹಿಯಾಗಿ ಬಿದ್ದಿರುತ್ತದೆ. ಟೈಪು ಮಾಡಿದವರಿದ್ದಾರೆ, ಝೆರಾಕ್ಸ್ ತೆಗೆದವರಿದ್ದಾರೆ, ಸಾಹೇಬರ ಕಾರು ಯಾಕೆ ಅಷ್ಟು ಹೊತ್ತು ನಿಂತಿತ್ತು ಅಂತ ಗಮನಿಸಿದ ಡ್ರೈವರ್ ಇದ್ದಾನೆ. ನಿಮ್ಮ ಮೊದಲ ಅಧ್ಯಾಯ ಅಲ್ಲಿಂದ ಶುರುವಾಗಲಿ, ಬಾಗಿಲು ಮುಚ್ಚುವ ಮೊದಲಿನ ಗುರುವಾರ ಮಧ್ಯಾಹ್ನದಿಂದ. ಲೂಟಿಯ ಪುಟಗಳು ಬೇಕಾದರೆ ಕೊನೆಯಲ್ಲಿ ಬರಲಿ. ಅರ್ಜೆಂಟೀನಾದಲ್ಲೂ ಹಾಗೇ ಆಯಿತು. ಬೀಗ ಬಿದ್ದ ಮೇಲೆ ಎರಡೂವರೆ ವಾರ ಜನ ಕ್ಯೂ ನಿಂತರು, ಬೈದರು, ಕೋರ್ಟಿಗೆ ಹೋದರು. ಪಾತ್ರೆ ಬಡಿಯುತ್ತ ಊರೇ ಬೀದಿಗಿಳಿದದ್ದು, ಅಧ್ಯಕ್ಷರು ಹೆಲಿಕಾಪ್ಟರ್ ಹತ್ತಿ ಹೋದದ್ದು ಡಿಸೆಂಬರ್ 19, 20ರಂದು. ಆ ಎರಡೂವರೆ ವಾರದ ಮೇಲೆ ಒಂದು ಕಾದಂಬರಿ ಬರೆಯಬಹುದು.

ಇನ್ನು ಆ ನಾಲ್ಕು ಜನರ ಸಂಕಟ. ಬ್ಯಾಂಕು ಎಂಬ ವ್ಯವಸ್ಥೆಯಲ್ಲಿ ಒಂದು ವಿಚಿತ್ರ ಇದೆ. ಇಟ್ಟವರೆಲ್ಲ ಒಂದೇ ದಿನ ಬಂದು ಕೇಳಿದರೆ ಎಂಥ ಗಟ್ಟಿ ಬ್ಯಾಂಕೂ ಕೊಡಲಾರದು, ಯಾಕೆಂದರೆ ಆ ದುಡ್ಡು ಇಪ್ಪತ್ತು ವರ್ಷದ ಗೃಹಸಾಲವಾಗಿ, ಟ್ರಾಕ್ಟರ್ ಸಾಲವಾಗಿ ಹೊರಗೆ ಹೋಗಿದೆ. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು, 2022ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಲೆಕ್ಕದ ತಿರುಳು ಥ್ರಿಲ್ಲರ್ ಬರೆಯುವವನಿಗೆ ಹಬ್ಬದೂಟ: ಉಳಿದವರು ಓಡುತ್ತಾರೆ ಅಂತ ಅನ್ನಿಸಿದರೆ ಸಾಕು, ಓಡುವುದೇ ಜಾಣತನ, ಎಲ್ಲರೂ ಜಾಣರಾದರೆ ಬ್ಯಾಂಕು ಬೀಳುತ್ತದೆ, ಅದರಲ್ಲಿ ಮೊದಲು ಏನೂ ದೋಷ ಇಲ್ಲದಿದ್ದರೂ. ಹಾಗಾದರೆ ನಿಮ್ಮ ನಾಯಕನ ಗತಿ ನೋಡಿ. ಅವನಿಗೆ ವಿಷಯ ಗೊತ್ತಾಗಿದೆ. ತಂಗಿಗೆ ಹೇಳಬೇಕೋ ಬೇಡವೋ? ಹೇಳಿದರೆ ಅವಳು ಗಂಡನಿಗೆ ಹೇಳುತ್ತಾಳೆ, ಅವನು ಆಫೀಸಿನಲ್ಲಿ ಹೇಳುತ್ತಾನೆ, ನಾಳೆ ಬೆಳಗ್ಗೆ ಕ್ಯೂ ನಿಂತಿರುತ್ತದೆ, ಬೀಳದೇ ಉಳಿಯಬಹುದಾಗಿದ್ದ ಬ್ಯಾಂಕು ಇವನ ಮಾತಿನಿಂದಲೇ ಬೀಳುತ್ತದೆ. ಹೇಳದಿದ್ದರೆ ತಂಗಿಯ ಮಗಳ ಮದುವೆಗೆ ಇಟ್ಟದ್ದು ಹೋಗುತ್ತದೆ. ನಿಮ್ಮ ಉದ್ಯಮಿ ಹತ್ತು ರೌಡಿಗಳನ್ನು ಕಳಿಸಿದರೂ ಈ ಒಂದು ಫೋನ್ ಕರೆಯಷ್ಟು ಬಿಗಿ ಹುಟ್ಟುವುದಿಲ್ಲ.

ಮಾತು ಹೇಗೆ ಹರಡುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಜಪಾನಿನದು. 1973ರ ಡಿಸೆಂಬರ್, ಐಚಿ ಪ್ರಾಂತ್ಯ. ತೈಲ ಬಿಕ್ಕಟ್ಟಿನ ಕಾಲ. ಟಾಯ್ಲೆಟ್ ಪೇಪರ್ ಸಿಗುವುದಿಲ್ಲವಂತೆ ಎಂದು ಜನ ಅಂಗಡಿಗೆ ಮುಗಿಬಿದ್ದು ಇನ್ನೂ ಹೆಚ್ಚು ದಿನ ಕಳೆದಿರಲಿಲ್ಲ. ರೈಲಿನಲ್ಲಿ ಮೂವರು ಹೈಸ್ಕೂಲು ಹುಡುಗಿಯರು ಹರಟುತ್ತಿದ್ದರು. ಒಬ್ಬಳಿಗೆ ಸ್ಥಳೀಯ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. "ಬ್ಯಾಂಕಾ? ಅಪಾಯ ಕಣೇ" ಎಂದು ಗೆಳತಿಯರು ಕೀಟಲೆ ಮಾಡಿದರು. ಅವರ ತಲೆಯಲ್ಲಿದ್ದದ್ದು ದರೋಡೆ. ಹುಡುಗಿ ಮನೆಗೆ ಹೋಗಿ ನೆಂಟರೊಬ್ಬರನ್ನು ಕೇಳಿದಳು, "ಆ ಬ್ಯಾಂಕು ಅಪಾಯವಾ?" ಅವರು ಬ್ಯಾಂಕಿನ ಹತ್ತಿರ ಇದ್ದ ಇನ್ನೊಬ್ಬ ನೆಂಟರನ್ನು ಕೇಳಿದರು. ಅಲ್ಲಿಂದ ಮಾತು ಬ್ಯೂಟಿ ಪಾರ್ಲರಿಗೆ ಹೋಯಿತು, ಅಲ್ಲಿಂದ ಬಟ್ಟೆ ಒಗೆಯುವ ಅಂಗಡಿಗೆ. ಕೆಲವು ದಿನಗಳ ಮೇಲೆ ಆ ಅಂಗಡಿಯ ಫೋನಿನಲ್ಲಿ ಯಾರೋ ತಮ್ಮ ವ್ಯವಹಾರಕ್ಕೆ ಬೇಕಾಗಿ, ಬ್ಯಾಂಕಿನಿಂದ ಇಷ್ಟು ದುಡ್ಡು ತೆಗೆ ಎಂದು ಮನೆಯವರಿಗೆ ಹೇಳಿದರು. ಅಂಗಡಿಯವರ ಕಿವಿಗೆ ಬಿತ್ತು. ಇವರೂ ತೆಗೆಯುತ್ತಿದ್ದಾರೆ, ಹಾಗಾದರೆ ನಿಜವೇ! ತಮ್ಮ ದುಡ್ಡು ತೆಗೆದರು, ಗೊತ್ತಿದ್ದವರಿಗೆಲ್ಲ ಫೋನು ಮಾಡಿದರು. ಬ್ಯಾಂಕಿನ ಮುಂದೆ ಜನಸಾಗರ. ಕೊನೆಗೆ ನೋಟಿನ ಕಟ್ಟುಗಳನ್ನು ಗ್ರಾಹಕರಿಗೆ ಕಾಣುವಂತೆ ಪೇರಿಸಿಟ್ಟು ನಂಬಿಸಬೇಕಾಯಿತು. ಪೊಲೀಸರು ಸಂಚು ಇರಬೇಕೆಂದು ಹುಡುಕಿದರು, ಬಾಯಿಂದ ಬಾಯಿಗೆ ಹಿಂದಕ್ಕೆ ಹೋಗಿ ಆ ರೈಲಿನ ಹುಡುಗಿಯರನ್ನು ತಲುಪಿದರು. ಅಪರಾಧಿ ಯಾರೂ ಇರಲಿಲ್ಲ.

ಇದರಲ್ಲಿ ಒಬ್ಬರೂ ಸುಳ್ಳು ಹೇಳಿಲ್ಲ, ಗಮನಿಸಿ. ಒಬ್ಬೊಬ್ಬರೂ ತಮ್ಮವರ ಒಳ್ಳೆಯದಕ್ಕೇ ಮಾತಾಡಿದ್ದಾರೆ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಗ್ರಾಹಕರು ಮುಂದಾದರು. ಅಲ್ಲಿ ಬ್ಯೂಟಿ ಪಾರ್ಲರಿನ ಕೆಲಸವನ್ನು ಮೊಬೈಲ್ ಗುಂಪುಗಳು ಮಾಡಿದವು, ಅಷ್ಟೇ ವ್ಯತ್ಯಾಸ. ನಿಮ್ಮ 2030ರ ಕಥೆಯಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಒಂದು ಪಾತ್ರವೇ ಆಗಬೇಕು. ಆದರೆ ಆ ಮೆಸೇಜನ್ನು ಹಾಗೆಯೇ ಅಚ್ಚು ಹಾಕಬೇಡಿ. ಯಾರು ಕಳಿಸಿದರು, ಎರಡು ನಿಮಿಷದಲ್ಲಿ ಯಾರು ಅಳಿಸಿದರು, ಅಳಿಸುವುದರೊಳಗೆ ಯಾರು ನೋಡಿದರು ಎಂಬುದರಲ್ಲಿ ಕಥೆ ಇದೆ.

ಎರಡನೆಯದು, ಆದೇಶದ ಒಳಗಿನ ಸಂಖ್ಯೆ. "ಬ್ಯಾಂಕು ಮುಚ್ಚಿತು" ಎಂದು ಬರೆದರೆ ಓದುಗನಿಗೆ ಏನೂ ಕಾಣುವುದಿಲ್ಲ. ನಿಜದಲ್ಲಿ ಬ್ಯಾಂಕು ಪೂರ್ತಿ ಮುಚ್ಚುವುದು ಅಪರೂಪ; ಒಂದು ಕಿಂಡಿ ಬಿಟ್ಟಿರುತ್ತಾರೆ. ಅರ್ಜೆಂಟೀನಾದಲ್ಲಿ ವಾರಕ್ಕೆ 250 ಪೆಸೊ. ಗ್ರೀಸ್‌ನಲ್ಲಿ ದಿನಕ್ಕೆ 60 ಯೂರೊ, ಆದರೆ 20ರ ನೋಟು ಸಾಲದೆ ಎಟಿಎಂಗಳು 50 ಮಾತ್ರ ಉದುರಿಸುತ್ತಿದ್ದವು. ಸೈಪ್ರಸ್‌ನಲ್ಲಿ ಸುಮಾರು ಎರಡು ವಾರ ಬಾಗಿಲು ಹಾಕಿ, ತೆರೆದ ಮೇಲೆ ದಿನಕ್ಕೆ 300 ಯೂರೊ. (ಅಲ್ಲಿನ ತಮ್ಮ ಸೈನಿಕರ ಖರ್ಚಿಗೆಂದು ಬ್ರಿಟನ್ 10 ಲಕ್ಷ ಯೂರೊ ನಗದನ್ನು ವಾಯುಪಡೆಯ ವಿಮಾನದಲ್ಲಿ ಕಳಿಸಿತ್ತು. ಆ ವಿಮಾನದ ಮೇಲೆ ಇನ್ನೂ ಯಾರೂ ಥ್ರಿಲ್ಲರ್ ಬರೆದಿಲ್ಲವೇ ಎಂದು ನನಗೆ ಆಗಾಗ ಅನ್ನಿಸುತ್ತದೆ.) ನಮ್ಮ ದೇಶದ್ದೇ ಬೇಕಾದರೆ ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕು: 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಮೊದಲು ಹಾಕಿದ ಮಿತಿ ಆರು ತಿಂಗಳಿಗೆ 1,000 ರೂಪಾಯಿ. ದಿನಕ್ಕಲ್ಲ, ಆರು ತಿಂಗಳಿಗೆ. ಆಮೇಲೆ ಹತ್ತು ಸಾವಿರ, ಇಪ್ಪತ್ತೈದು, ನಲವತ್ತು ಅಂತ ಏರಿಸುತ್ತ ಹೋದರು. ಮುಂದಿನ ವರ್ಷ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ಬಂದ ಮಿತಿ 35,000.

ಈ ಸಂಖ್ಯೆಯೇ ನಿಮ್ಮ ಕಥೆಯ ಯಂತ್ರ. ನಿವೃತ್ತ ಮೇಷ್ಟ್ರೊಬ್ಬರಿಗೆ ಹದಿನೆಂಟು ಲಕ್ಷದ ಎಫ್‌ಡಿ ಇದೆ ಎನ್ನಿ. ಹೆಂಡತಿಗೆ ಸ್ಟೆಂಟ್ ಹಾಕಬೇಕು, ಆಸ್ಪತ್ರೆಯವರು ಅಡ್ವಾನ್ಸ್ ಕೇಳುತ್ತಿದ್ದಾರೆ. ಮಿತಿ 35,000. ಕಷ್ಟದ ಪ್ರಕರಣಗಳಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಬಹುದು. ಆಸ್ಪತ್ರೆಯ ಎಸ್ಟಿಮೇಟು, ಡಾಕ್ಟರ ಚೀಟಿ ಲಗತ್ತಿಸಬೇಕು. ಈಗ ಆ ಅರ್ಜಿಗಳ ಕಟ್ಟನ್ನು ಮೇಲಕ್ಕೆ ಕಳಿಸುವ ಗುಮಾಸ್ತೆಯ ಮೇಜಿಗೆ ಬನ್ನಿ. ಯಾರ ಅರ್ಜಿ ಮೇಲೆ, ಯಾರದು ಕೆಳಗೆ? ಮೇಷ್ಟ್ರ ಹಳೇ ವಿದ್ಯಾರ್ಥಿನಿಯೇ ಅವಳಾಗಿದ್ದರೆ? ನಕಲಿ ಎಸ್ಟಿಮೇಟು ಮಾಡಿಕೊಡುವ ಅಂಗಡಿಯೊಂದು ಎದುರು ರಸ್ತೆಯಲ್ಲೇ ಶುರುವಾದರೆ? ಇದು ನನ್ನ ಕಲ್ಪನೆಯ ಅತಿರೇಕ ಅಂದುಕೊಳ್ಳಬೇಡಿ. 2016ರ ನೋಟು ರದ್ದತಿಯ ಕಾಲದಲ್ಲಿ ಮದುವೆ ಮನೆಯವರಿಗೆ ಎರಡೂವರೆ ಲಕ್ಷ ತೆಗೆಯಲು ಬಿಟ್ಟಿದ್ದರು. ಅದಕ್ಕೆ ಲಗ್ನಪತ್ರಿಕೆ ತೋರಿಸಬೇಕಿತ್ತು, ದುಡ್ಡು ಯಾರಿಗೆ ಕೊಡಬೇಕೋ ಅವರ ಪಟ್ಟಿ ಕೊಡಬೇಕಿತ್ತು, ಅವರಿಗೆ ಬ್ಯಾಂಕ್ ಖಾತೆ ಇಲ್ಲವೆಂದು ಬರೆಸಿಕೊಡಬೇಕಿತ್ತು. ಅಡುಗೆ ಭಟ್ಟರು, ವಾಲಗದವರು, ಹೂವಿನವರು ಇವರಿಂದೆಲ್ಲ ಸಹಿ ಹಾಕಿಸಿಕೊಂಡು ಬ್ಯಾಂಕು ಮುಚ್ಚುವುದರೊಳಗೆ ಓಡಬೇಕಾದ ಹೆಣ್ಣಿನ ತಂದೆ, ಯಾವ ಸರ್ವರ್ ಕೋಣೆಯ ನಾಯಕನಿಗಿಂತಲೂ ಹೆಚ್ಚು ಬೆವರುತ್ತಾನೆ.

ಒಂದು ಸಂಗತಿಯನ್ನು ತಪ್ಪದೆ ತಿಳಿದುಕೊಂಡಿರಿ, ಇಲ್ಲದಿದ್ದರೆ ಬ್ಯಾಂಕಿನ ಓದುಗರು ಪುಸ್ತಕ ಕೆಳಗಿಡುತ್ತಾರೆ. ನಮ್ಮಲ್ಲಿ ಠೇವಣಿಗೆ ವಿಮೆ ಇದೆ. 2020ರ ಫೆಬ್ರವರಿಯಿಂದ ಅದು ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ 5 ಲಕ್ಷ. ಅದಕ್ಕೂ ಮೊದಲು 1 ಲಕ್ಷ ಇತ್ತು. 2021ರ ತಿದ್ದುಪಡಿಯ ನಂತರ, ಹೀಗೆ ನಿರ್ಬಂಧ ಬಿದ್ದ ಬ್ಯಾಂಕಿನವರಿಗೆ 90 ದಿನದೊಳಗೆ ಆ ಮೊತ್ತ ಕೊಡಬೇಕೆಂಬ ನಿಯಮ ಬಂದಿದೆ. ಹಾಗಾಗಿ "ಎಲ್ಲರ ದುಡ್ಡೂ ಮುಳುಗಿತು" ಎನ್ನುವಂತಿಲ್ಲ. ಆದರೆ ಊರು ಎರಡು ಹೋಳಾಗುತ್ತದೆ: ಐದು ಲಕ್ಷದ ಕೆಳಗಿನವರು ಕಾಯುತ್ತಾರೆ, ಮೇಲಿನವರು ಕೂಗುತ್ತಾರೆ. ನಿನ್ನೆಯವರೆಗೆ ಒಟ್ಟಿಗೆ ಧರಣಿ ಕೂತಿದ್ದವರು ಬೇರೆ ಬೇರೆ ಶಾಮಿಯಾನ ಹಾಕುತ್ತಾರೆ. ಇನ್ನು ನಮ್ಮ ಜನ ಬಾಯಲ್ಲಿ ಬ್ಯಾಂಕು ಎನ್ನುವ ಎಷ್ಟೋ ಪತ್ತಿನ ಸೊಸೈಟಿಗಳು ಈ ವಿಮೆಯ ಒಳಗೆ ಬರುವುದೇ ಇಲ್ಲ. ತಾನು ಇಟ್ಟದ್ದು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಎಂದು ಪಾಸ್‌ಬುಕ್ಕಿನ ಹೊದಿಕೆ ತಿರುಗಿಸಿ ಓದುವ ಮುದುಕಿಯ ದೃಶ್ಯ ಬರೆಯಿರಿ; ವಿವರಣೆ ಬೇಕಾಗುವುದಿಲ್ಲ.

ಖಳನ ವಿಚಾರ. ಎಲ್ಲದರ ಹಿಂದೆ ಒಬ್ಬ ಉದ್ಯಮಿ ಕೂತು ನಗುವುದನ್ನು ಬಿಡಿ. ಪಿಎಂಸಿ ಬ್ಯಾಂಕಿನಲ್ಲಿ ತನಿಖೆಗೆ ಸಿಕ್ಕಿದ್ದು ನಗುವ ಖಳನಿಗಿಂತ ಭಯಾನಕ: ಒಂದೇ ರಿಯಲ್ ಎಸ್ಟೇಟ್ ಸಮೂಹದ 44 ಸಾಲದ ಖಾತೆಗಳನ್ನು ಮುಚ್ಚಿಡಲು 21,049 ಸುಳ್ಳು ಸಾಲದ ಖಾತೆಗಳನ್ನು ತೋರಿಸಲಾಗಿತ್ತು. ಅವು ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇರಲಿಲ್ಲ, ತಪಾಸಣೆಗೆ ಕೊಡುವ ಪಟ್ಟಿಯಲ್ಲಿ ಮಾತ್ರ ಇದ್ದವು. ಹೀಗೆ ವರ್ಷಾನುಗಟ್ಟಲೆ ನಡೆಯಿತು. ಇಲ್ಲದ ಇಪ್ಪತ್ತೊಂದು ಸಾವಿರ ಸಾಲಗಾರರು! ನಿಮ್ಮ ಕಾದಂಬರಿಗೆ ಇದನ್ನು ಹೊಂದಿಸಿ ನೋಡಿ. ಲೆಕ್ಕ ತಪಾಸಣೆಗೆ ಬಂದ ಹೊಸ ಹುಡುಗಿ ಪಟ್ಟಿಯಲ್ಲಿ ಕಣ್ಣುಮುಚ್ಚಿ ಒಂದು ಹೆಸರಿನ ಮೇಲೆ ಬೆರಳಿಡುತ್ತಾಳೆ. "ಈ ಫೈಲು ತರಿಸಿ ಸರ್." ಅಟೆಂಡರ್ ಹೋಗುತ್ತಾನೆ. ಕಾಫಿ ಬರುತ್ತದೆ. ಮ್ಯಾನೇಜರ್ ಮಕ್ಕಳ ಓದಿನ ಬಗ್ಗೆ ಕೇಳುತ್ತಾರೆ. ಫೈಲು ಬರುವುದಿಲ್ಲ. ಈ ದೃಶ್ಯವನ್ನು ಹತ್ತು ಪುಟ ಎಳೆಯಿರಿ, ಯಾರೂ ಬೇಸರಪಡುವುದಿಲ್ಲ.

ಹಾಗೆಯೇ ದರೋಡೆ. ನಿಮ್ಮ ಮಧ್ಯಭಾಗದಲ್ಲಿ ಒಂದು ಬ್ಯಾಂಕ್ ದರೋಡೆ ಇದೆ ಎಂದಿದ್ದೀರಿ. ಲೆಬನಾನ್‌ನಲ್ಲಿ 2019ರ ಕೊನೆಯಿಂದ ಡಾಲರ್ ಖಾತೆಗಳು ಸಿಕ್ಕಿಹಾಕಿಕೊಂಡಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಬೈರೂತ್‌ನ ಯುವತಿಯೊಬ್ಬಳು ಆಟಿಕೆ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿ ಸುಮಾರು 13,000 ಡಾಲರ್ ತೆಗೆದುಕೊಂಡು ಹೋದಳು, ಕ್ಯಾನ್ಸರ್ ಇದ್ದ ತಂಗಿಯ ಚಿಕಿತ್ಸೆಗೆ. ಆ ದುಡ್ಡು ಅವರ ಮನೆಯವರದೇ, ಖಾತೆಯಲ್ಲಿದ್ದದ್ದು. ಎರಡು ದಿನ ಬಿಟ್ಟು ಒಂದೇ ದಿನ ಕನಿಷ್ಠ ಐದು ಕಡೆ ಇದೇ ನಡೆಯಿತು; ಹೊರಗೆ ನಿಂತ ಜನ ದರೋಡೆಕೋರನಿಗೆ ಜೈಕಾರ ಹಾಕುತ್ತಿದ್ದರು. ಕಳ್ಳ ಯಾರು ಎಂಬ ಪ್ರಶ್ನೆಗೆ ಪೊಲೀಸಿನವನೂ ತಡವರಿಸುವ ದೃಶ್ಯ ಇದು. ಪೇದೆಯ ಸಂಬಳವೂ ಅದೇ ಬ್ಯಾಂಕಿನಲ್ಲಿದೆ ಎಂದಿಟ್ಟುಕೊಂಡರೆ?

ಇನ್ನು ನಿಮ್ಮ ಹ್ಯಾಕರ್. ಅವನಿಗೆ ಊರಿನಲ್ಲಿ ಯಾರೂ ಗೊತ್ತಿಲ್ಲ, ಅದೇ ತೊಂದರೆ. ಅವನ ಬದಲು ಪಿಗ್ಮಿ ಕಲೆಕ್ಟರನ್ನು ನಾಯಕ ಮಾಡಿ ನೋಡಿ ಎಂದರೆ ನಗುತ್ತೀರೇನೋ. ಪಿಗ್ಮಿ ನಮ್ಮ ನೆಲದಲ್ಲೇ ಹುಟ್ಟಿದ್ದು: ಉಡುಪಿಯಲ್ಲಿ ನೇಕಾರರ ಕಷ್ಟಕ್ಕೆಂದು ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಮನೆಮನೆಗೆ ಹೋಗಿ ಎರಡಾಣೆಯಿಂದ ಠೇವಣಿ ಎತ್ತುವ ಪದ್ಧತಿ ತಂದಿತು. ಇವತ್ತೂ ಸೊಸೈಟಿಗಳ ಏಜೆಂಟರು ಸಂಜೆ ಹೊತ್ತು ಸ್ಕೂಟರಿನಲ್ಲಿ ಕಿರಾಣಿ ಅಂಗಡಿ, ಹೂವಿನ ಗಾಡಿ, ಗ್ಯಾರೇಜು ಸುತ್ತುತ್ತಾರೆ. ಯಾರ ವ್ಯಾಪಾರ ಇಳಿದಿದೆ, ಯಾರು ನೂರು ಕಟ್ಟುತ್ತಿದ್ದವರು ಐವತ್ತಕ್ಕೆ ಬಂದರು, ಯಾರು "ನಾಳೆ ಬಾರಪ್ಪ" ಎನ್ನಲು ಶುರು ಮಾಡಿದರು, ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಂತದ್ದು ಯಾವಾಗ, ಯಾರ ಕೊರಳಿನ ಸರ ಗಿರವಿಗೆ ಹೋಯಿತು ಎಂಬುದೆಲ್ಲ ಯಾವ ಅರ್ಥಶಾಸ್ತ್ರಜ್ಞನಿಗಿಂತ ಮೊದಲು ಅವನಿಗೆ ಗೊತ್ತು. ಕುಸಿತ ಬರುತ್ತಿರುವುದನ್ನು ಅವನ ಕಣ್ಣಿನಲ್ಲಿ ತೋರಿಸಬಹುದು, ಒಂದು ಅಂಕಿ ಅಂಶವೂ ಇಲ್ಲದೆ. ಮತ್ತೆ, ಬ್ಯಾಂಕು ಬಿದ್ದರೆ ಜನ ಹಿಡಿಯುವುದು ಎಂಡಿಯ ಕಾಲರನ್ನಲ್ಲ, ಅವನದನ್ನು. ಗುರುವಾರ ಮಧ್ಯಾಹ್ನ ವಿಷಯ ಗೊತ್ತಾಗಿದೆ, ಸಂಜೆ ಕಲೆಕ್ಷನ್‌ಗೆ ಹೊರಡಬೇಕು. ಹೂವಿನವಳ ಐವತ್ತು ರೂಪಾಯಿ ತೆಗೆದುಕೊಳ್ಳುತ್ತಾನೋ ಇಲ್ಲವೋ?

ಬೆಂಗಳೂರನ್ನೂ ಬಿಡಿ ಎನ್ನುತ್ತೇನೆ. ಇಡೀ ದೇಶ ಬಿದ್ದರೆ ಓದುಗನಿಗೆ ಹಿಡಿತ ಸಿಗುವುದಿಲ್ಲ, ನಂಬಿಸುವುದೂ ಕಷ್ಟ. ಜಿಂಬಾಬ್ವೆಯಲ್ಲಿ 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಡಾಲರಿನ ನೋಟು ಬಂತು ಎಂದು ನಮ್ಮ ರೂಪಾಯಿಗೂ ಅದನ್ನೇ ಅಂಟಿಸಬೇಡಿ. ಅಲ್ಲಿ ಹೊಲಗಳ ಉತ್ಪಾದನೆ ಕುಸಿದಿತ್ತು, ಸರ್ಕಾರ ನೋಟು ಅಚ್ಚು ಹಾಕಿ ಬದುಕುತ್ತಿತ್ತು. ನಮ್ಮ ಹತ್ತಿರದ ಮಾದರಿ ಶ್ರೀಲಂಕಾ. 2022ರಲ್ಲಿ ಅಲ್ಲಿ ಕಾಗದವಿಲ್ಲದೆ ಶಾಲಾ ಪರೀಕ್ಷೆ ಮುಂದೂಡಿದರು. ಪೆಟ್ರೋಲ್ ತುಂಬಿದ ಹಡಗು ಮಾರ್ಚ್ ಕೊನೆಯಿಂದ ಕೊಲಂಬೊ ಬಳಿ ಲಂಗರು ಹಾಕಿ ನಿಂತಿತ್ತು, ಕೊಡಲು ಡಾಲರ್ ಇರಲಿಲ್ಲ. ಊರೆಲ್ಲ ಬಂಕಿನ ಮುಂದೆ ಕ್ಯೂ ನಿಂತಿದೆ, ಪೆಟ್ರೋಲು ಕಡಲಿನಲ್ಲಿ ಕಾಯುತ್ತಿದೆ! ನಮಗೂ ಅಂಥ ಒಂದು ಕಾಲ ಬಂದಿತ್ತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು 47 ಟನ್ ಚಿನ್ನವನ್ನು ಅಡವಿಗೆ ಲಂಡನ್ನಿಗೆ ಕಳಿಸಿತು. ವಿಮಾನ ನಿಲ್ದಾಣಕ್ಕೆ ಸಾಗಿಸುವಾಗ ಮುಂಬೈ ರಸ್ತೆಯಲ್ಲಿ ಒಂದು ವಾಹನ ಕೆಟ್ಟು ನಿಂತಿತ್ತು.

ದೊಡ್ಡ ಊರು ಬೇಕೆನಿಸಿದರೆ ಮೈಸೂರು ನೋಡಿ. ನೋಟಿನ ಕಾಗದ ತಯಾರಾಗುವ ಗಿರಣಿ ಅಲ್ಲಿದೆ, ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಅಲ್ಲಿದೆ, 2016ರಲ್ಲಿ ನೋಟು ಬದಲಾಯಿಸಿದವರ ಬೆರಳಿಗೆ ಹಚ್ಚಿದ ಶಾಯಿ ತಯಾರಾದದ್ದೂ ಅಲ್ಲಿಯೇ. ಯುಪಿಐ ನಿಂತುಹೋಗಿ ದೇಶವೆಲ್ಲ ಮತ್ತೆ ನೋಟಿಗೆ ಬಾಯಿ ಬಿಡುವ ದಿನ ಆ ಊರಿನ ಒಂದು ರೈಲು, ಒಂದು ಪಾಳಿ, ಒಂದು ಬೀಗದ ಕೈ ಎಷ್ಟು ತೂಗುತ್ತದೆ ಯೋಚಿಸಿ. ಆದರೆ ನನ್ನ ಆಯ್ಕೆ ನಿಮ್ಮ ದಾವಣಗೆರೆಯೇ. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ಹಿರಿಯರು ನಿಮ್ಮ ಬೀದಿಯಲ್ಲೇ ಇದ್ದಾರೆ. ಸಂಬಳ ನಿಂತ ಮೊದಲ ತಿಂಗಳು ಮನೆಯಲ್ಲಿ ಏನನ್ನು ನಿಲ್ಲಿಸಿದರು, ಎರಡನೇ ತಿಂಗಳು ಏನನ್ನು ಮಾರಿದರು ಎಂದು ಕೇಳಿ ಬರೆದುಕೊಳ್ಳಿ. ಆ ಕ್ರಮ 2030ಕ್ಕೂ ಬದಲಾಗಿರುವುದಿಲ್ಲ. ಕಾಲವನ್ನು ಮುಂದಕ್ಕೆ ತಳ್ಳಲು ಒಂದೇ ಒಂದು ಬದಲಾವಣೆ ಸಾಕು. ನಾನಾದರೆ ಯುಪಿಐಯ ದಿನದ ಮಿತಿಯನ್ನು ತೀರಾ ಸಣ್ಣ ಮೊತ್ತಕ್ಕೆ ಇಳಿಸುತ್ತೇನೆ, ಉಳಿದದ್ದೆಲ್ಲ ಇಂದಿನಂತೆಯೇ ಬಿಡುತ್ತೇನೆ. ಹಾರುವ ಡ್ರೋನು, ಮುಖ ಗುರುತಿಸುವ ಕಂಬಗಳನ್ನು ಕಿತ್ತುಹಾಕಿ.

ಕೊನೆಗೆ, ಗೆಲ್ಲುವವರು ಯಾರು? ಇಂಥ ಕುಸಿತದಲ್ಲಿ ಎಲ್ಲರೂ ಸೋಲುವುದಿಲ್ಲ. ಅರ್ಜೆಂಟೀನಾದಲ್ಲಿ 2002ರ ಆರಂಭದಲ್ಲಿ ಡಾಲರ್ ಸಾಲಗಳನ್ನು ಡಾಲರಿಗೆ 1 ಪೆಸೊದಂತೆ, ಡಾಲರ್ ಠೇವಣಿಗಳನ್ನು 1.40 ಪೆಸೊದಂತೆ ಬದಲಾಯಿಸಿದರು. ಅದೇ ವರ್ಷ ಪೇಟೆಯಲ್ಲಿ ಡಾಲರಿಗೆ ಮೂರೂವರೆ ದಾಟಿತು. ದುಡ್ಡು ಇಟ್ಟವನು ಕಳೆದುಕೊಂಡ, ದೊಡ್ಡ ಸಾಲ ಮಾಡಿದವನು ಮೈಕೊಡವಿ ಎದ್ದ. ನಿಮ್ಮ ಉದ್ಯಮಿಯನ್ನು ಉಳಿಸಿಕೊಳ್ಳಲೇಬೇಕೆಂದಿದ್ದರೆ ಇಲ್ಲಿ ಉಳಿಸಿಕೊಳ್ಳಿ. ಅವನು ಸಂಚು ಮಾಡುವ ಅಗತ್ಯವೇ ಇಲ್ಲ; ಸಾಲ ಮಾಡಿ ಸುಮ್ಮನೆ ಕೂತಿದ್ದರೆ ಸಾಕು. ಮೂರನೇ ಅಧ್ಯಾಯದಲ್ಲಿ ಅವನನ್ನೂ ಕ್ಯೂನಲ್ಲಿ ನಿಲ್ಲಿಸಿ, ಮೇಷ್ಟ್ರ ಹಿಂದೆ, ಬಿಸಿಲಿನಲ್ಲಿ. ಮೇಷ್ಟ್ರಿಗೆ ತನ್ನ ನೀರಿನ ಬಾಟಲಿ ಕೊಡಲಿ, ಓದುಗನಿಗೆ ಅವನ ಮೇಲೆ ಪ್ರೀತಿ ಹುಟ್ಟಲಿ. ಹ್ಯಾಕರನ್ನು ಕೈಬಿಡಲು ಮನಸ್ಸು ಬಾರದಿದ್ದರೆ ಎಟಿಎಂಗೆ ದುಡ್ಡು ತುಂಬುವ ವ್ಯಾನಿನಲ್ಲಿ ಅವನಿಗೊಂದು ನೌಕರಿ ಕೊಡಿ. ಶುಕ್ರವಾರ ಯಾವ ಎಟಿಎಂಗೆ ಎಷ್ಟು ತುಂಬಬೇಕು ಎಂಬ ಪಟ್ಟಿ ಅವನ ಕೈಯಲ್ಲಿರುತ್ತದೆ, ಆ ವಾರದ ಪಟ್ಟಿಯಲ್ಲಿ ಒಂದು ಬಡಾವಣೆಯ ಹೆಸರೇ ಇಲ್ಲ.